ಸಂತೋಷದ ದ್ವೀಪದಲ್ಲಿ ಒಂದು ಕೋಟೆ

ಸಿಂಗಾಪುರಕ್ಕೆ ಅಂಟಿಕೊಂಡಂತಿರುವ ಸೆಂಟೋಸಾ ದ್ವೀಪಕ್ಕೆ ಜನರು ಹೋಗುವುದು ವಿನೋದಕ್ಕಾಗಿ. ‘ಸೆಂಟೋಸಾ’ ಎಂಬುದು ನಮ್ಮ ‘ಸಂತೋಷ’ವೇ ಮಲಯ ಭಾಷೆಯ ವೇಷ ತೊಟ್ಟು ನಿಂತಿರುವುದೆಂದು ತಿಳಿದಾಗ ಕನ್ನಡ ಮೇಷ್ಟರಾದ ನನಗೆ ಹಿಗ್ಗಾಯಿತು. ಆದರೆ ದ್ವೀಪದ ಹಳೆಯ ಹೆಸರು ‘ಬ್ಲಾಕಾಂಗ್ ಮಾತಿ’; ‘ಮಾತಿ’ ಎಂದರೆ ಸಾವು! ಕಳೆದ ಬೇಸಿಗೆಯ ರಜೆಯಲ್ಲಿ ತಂಗಿಯ ಮನೆಗೆ ಹೋಗಿದ್ದ ನಾನು ನೋಡಬಯಸಿದ್ದು ಈ ಹಳೆಯ ಹೆಸರಿನ ದ್ವೀಪವನ್ನು.

ಅದರ ಪಶ್ಚಿಮದ ತುದಿಯಲ್ಲಿ ಸಿಲೋಸೊ ಕೋಟೆಯಿದೆ. ಕೋಟೆಯೆಂದರೆ ನಮ್ಮ ಚಿತ್ರದುರ್ಗದಂತೆ ಏಳು ಸುತ್ತಿನದಲ್ಲ. ಗುಡ್ಡವನ್ನು ಕೊರೆದು ಮಾಡಿದ ಮದ್ದಿನ ಮನೆಗಳು, ಸುರಂಗಗಳು, ಕಡಲಿಗೆ ಮುಖಮಾಡಿದ ಫಿರಂಗಿಗಳು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಂದರಿನ ರಕ್ಷಣೆಗಾಗಿ ಆಂಗ್ಲರು ಇದನ್ನು ಕಟ್ಟಿದರು. 2022ರಲ್ಲಿ ಇದು ರಾಷ್ಟ್ರೀಯ ಸ್ಮಾರಕವಾಯಿತು.

ಶತ್ರು ಕಡಲಿನಿಂದ ಬರುವನೆಂದು ಇವರು ಕಾದರು. ಜಪಾನೀಯರೋ ಮಲಯದ ನೆಲದ ಮೇಲೆಯೇ ಇಳಿದು ಬಂದು, 1942ರ ಫೆಬ್ರವರಿ 8ರ ರಾತ್ರಿ ಉತ್ತರದ ಜಲಸಂಧಿಯನ್ನು ದಾಟಿದರು. ಫಿರಂಗಿಗಳು ಹಿಂದಕ್ಕೆ ತಿರುಗಲೇ ಇಲ್ಲವೆಂಬುದು ಕಟ್ಟುಕತೆ. ಹಲವು ತಿರುಗಿದವು, ಗುಂಡನ್ನೂ ಹಾರಿಸಿದವು. ಆದರೆ ಇದ್ದ ಗುಂಡುಗಳಲ್ಲಿ ಹೆಚ್ಚಿನವು ಹಡಗಿನ ಉಕ್ಕನ್ನು ಭೇದಿಸಲು ಮಾಡಿದವು. ಕಾಲಾಳುಗಳ ಮೇಲೆ ಅವುಗಳಿಂದ ಹೆಚ್ಚಿನ ಪ್ರಯೋಜನವಾಗಲಿಲ್ಲ. 15ರಂದು ಶರಣಾಗತಿ.

ಶರಣಾಗತಿಯ ದೃಶ್ಯವನ್ನು ಮೇಣದ ಬೊಂಬೆಗಳಲ್ಲಿ ನಿಲ್ಲಿಸಿದ್ದಾರೆ: ಒಂದು ಕಡೆ ಯಮಾಶಿಟ, ಎದುರಿಗೆ ಪರ್ಸಿವಲ್. ನಾನು ಅಲ್ಲಿಯೇ ಬಹಳ ಹೊತ್ತು ನಿಂತೆ. ಅಂದು ಸೋತ ಸೈನ್ಯದಲ್ಲಿ ಸುಮಾರು ಅರ್ಧದಷ್ಟು ಮಂದಿ ಭಾರತೀಯರು. ಮೈಸೂರು ಸಂಸ್ಥಾನದ ಪದಾತಿಪಡೆಯೂ ಅವರೊಡನಿತ್ತು. ಅದರಲ್ಲಿ ನನ್ನ ಅಜ್ಜಿಯ ಸೋದರಮಾವನೊಬ್ಬರಿದ್ದರು. ಆ ಮೇಜಿನ ಬಳಿ ಕುಳಿತು ಮಾತನಾಡಲು ಅಂಥವರನ್ನು ಯಾರೂ ಕರೆಯಲಿಲ್ಲ. ಸೆರೆಯಲ್ಲಿ ಮಾತ್ರ ಅವರಿಗೆ ಪೂರ್ಣ ಪಾಲು ದೊರೆಯಿತು. ಅವರು ಬದುಕಿ ಊರಿಗೆ ಮರಳಿದರಂತೆ. ಯುದ್ಧದ ಸುದ್ದಿ ತೆಗೆದರೆ ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದರಂತೆ. ಎಲೆಯಲ್ಲಿ ಒಂದಗುಳನ್ನು ಯಾರು ಬಿಟ್ಟರೂ ಅವರಿಗೆ ಸಹಿಸುತ್ತಿರಲಿಲ್ಲ.

“ಅಣ್ಣಾ, ಹೊತ್ತಾಯಿತು” ಎಂದು ತಂಗಿ ಕರೆದಳು. ಹೊರಗೆ ಮಕ್ಕಳು ಫಿರಂಗಿಯ ಮೇಲೇರಿ ಚಿತ್ರ ತೆಗೆಸಿಕೊಳ್ಳುತ್ತಿದ್ದರು. ಅವರನ್ನು ಗದರಿಸಬೇಕೆಂದು ನನಗನ್ನಿಸಲಿಲ್ಲ.

ರಾತ್ರಿ ಮಂಡ್ಯದಲ್ಲಿರುವ ಅಜ್ಜಿಗೆ ಫೋನು ಮಾಡಿ, ಕೋಟೆ, ಸುರಂಗ, ಫಿರಂಗಿಗಳನ್ನೆಲ್ಲ ವರ್ಣಿಸಿದೆ. ಅವರು ಸುಮ್ಮನೆ ಕೇಳಿಸಿಕೊಂಡು, ಕೊನೆಗೆ, “ಅಲ್ಲಿ ಅವರಿಗೆ ಊಟಕ್ಕೆ ಏನು ಕೊಡ್ತಿದ್ರಂತಪ್ಪಾ?” ಎಂದರು.