ಸೊಂಟದ ನೋವು, ಚೀನೀ ಸೂಜಿ ಮತ್ತು ಕಸ್ತೂರಿಯ ಪಟ್ಟಿ

ಎರಡು ಘಳಿಗೆಯ ಸಾಮಾಯಿಕದಲ್ಲಿ ಅರ್ಧ ಘಳಿಗೆಯೂ ಸ್ಥಿರವಾಗಿ ಕುಳಿತುಕೊಳ್ಳಲಾಗದ ಸ್ಥಿತಿ ನನಗೆ ಒದಗಿದ್ದು ಎರಡು ವರ್ಷಗಳ ಹಿಂದೆ. ಬಲ ಸೊಂಟದ ಹೊರಮಗ್ಗುಲಿನಲ್ಲಿ, ಕೈಯಿಟ್ಟರೆ ಸಿಗುವ ಎಲುಬಿನ ಉಬ್ಬಿನ ಮೇಲೆಯೇ ನೋವು. ಆ ಮಗ್ಗುಲಾಗಿ ಮಲಗುವಂತಿಲ್ಲ. ಮಂದರಗಿರಿಯ ಬಸದಿಗಳ ದರ್ಶನಕ್ಕೆ ಹೊರಟರೆ ಅರ್ಧ ಬೆಟ್ಟದಲ್ಲಿಯೇ ಕುಳಿತುಬಿಡಬೇಕು. ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ಕೊಬ್ಬರಿ ಉಗ್ರಾಣದಲ್ಲಿ ಚೀಲಗಳ ತೂಕ ನೋಡುತ್ತ ಕಾಂಕ್ರೀಟು ನೆಲದ ಮೇಲೆ ಗಂಟೆಗಟ್ಟಲೆ ನಿಲ್ಲುವುದು, ಸಂಜೆ ತುಮಕೂರಿನ ಅಂಗಡಿಯ ಗಾದಿಯ ಮೇಲೆ ಕಾಲು ಮಡಚಿ ಒಂದು ಪಕ್ಕಕ್ಕೆ ಒರಗಿ ಕೂರುವುದು, ಇದೇ ನನ್ನ ದಿನಚರಿ.

ಮೂಳೆ ವೈದ್ಯರು ಪರೀಕ್ಷಿಸಿ, ಇದು ಕೀಲಿನ ಸವೆತವಲ್ಲ ಎಂದರು. ಪೃಷ್ಠದ ಸ್ನಾಯುಗಳ ಕಂಡರಗಳು ತೊಡೆಯೆಲುಬಿನ ಉಬ್ಬಿಗೆ ಸೇರುವ ಎಡೆಯಲ್ಲಿ ಒತ್ತಡಕ್ಕೆ ಸಿಕ್ಕಿ ಬಳಲಿವೆಯಂತೆ. ನಲವತ್ತು ದಾಟಿದ ಹೆಂಗಸರಲ್ಲಿ ಇದು ಹೆಚ್ಚು. ಕಾಲಮೇಲೆ ಕಾಲು ಹಾಕಿ ಕೂರುವುದು, ಒಂದೇ ಕಾಲಿನ ಮೇಲೆ ಭಾರ ಬಿಟ್ಟು ನಿಲ್ಲುವುದು, ನೋವಿನ ಮಗ್ಗುಲಿಗೆ ಮಲಗುವುದು ಇವೆಲ್ಲ ಅದನ್ನು ಹೆಚ್ಚಿಸುತ್ತವೆ. 2018ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಅಧ್ಯಯನದಲ್ಲಿ 204 ರೋಗಿಗಳನ್ನು ಮೂರು ಗುಂಪು ಮಾಡಿ ನೋಡಿದಾಗ, ಎಂಟು ವಾರಗಳ ಬಳಿಕ ಸ್ಟೆರಾಯ್ಡ್ ಚುಚ್ಚುಮದ್ದು ಪಡೆದವರಿಗಿಂತಲೂ ವ್ಯಾಯಾಮವನ್ನೂ ನಿಲ್ಲುವ ಕೂರುವ ರೀತಿಯನ್ನೂ ಕಲಿತವರು ಹೆಚ್ಚು ಗುಣ ಕಂಡಿದ್ದರು. ಆದುದರಿಂದ ವ್ಯಾಯಾಮವೇ ಮುಖ್ಯ, ಬೇಕಿದ್ದರೆ ಜೊತೆಗೆ ಆಕ್ಯುಪಂಕ್ಚರ್ ಮಾಡಿಸಿ ನೋಡಬಹುದು ಎಂದು ಅವರು ಹೇಳಿದರು. ಎರಡೂ ಪಾದಗಳ ಮೇಲೆ ಸಮಭಾರವಿಟ್ಟು ನಿಲ್ಲುವುದನ್ನು ವ್ಯಾಯಾಮ ಕಲಿಸುವವರು ತೋರಿಸಿಕೊಟ್ಟಾಗ ನನಗೆ ನಗು ಬಂದಿತು. ನಮ್ಮ ಜಿನಬಿಂಬಗಳು ಕಾಯೋತ್ಸರ್ಗದಲ್ಲಿ ನಿಂತಿರುವುದು ಹಾಗೆಯೇ ಅಲ್ಲವೇ! ಬಾಲ್ಯದಿಂದ ನೋಡಿ ಕೈಮುಗಿದಿದ್ದೆ, ಹಾಗೆ ನಿಂತಿರಲಿಲ್ಲ.

ಚಿಕಿತ್ಸೆಗೆ ಹೋಗುವ ಮುನ್ನ ಮನಸ್ಸಿನಲ್ಲಿ ಒಂದು ತೊಡಕು ಇತ್ತು. ಇಪ್ಪತ್ತೆರಡು ಪರೀಷಹಗಳಲ್ಲಿ ರೋಗವೂ ಒಂದು. ಸಹಿಸಿಕೊಂಡರೆ ನಿರ್ಜರೆಯಲ್ಲವೇ ಎಂದು ಒಂದು ಮನಸ್ಸು. ಆದರೆ ಅದು ಮುನಿಗಳ ಸಮತೆಗೆ ಸಲ್ಲುವ ಮಾತು. ನನ್ನಲ್ಲಿ ಸಮತೆ ಎಲ್ಲಿತ್ತು? ಜಪಮಣಿ ಬೆರಳಲ್ಲಿ, ಚಿತ್ತ ಸೊಂಟದಲ್ಲಿ. ವೇದನೆಯನ್ನೇ ನೆನೆಯುತ್ತ ಕೂರುವುದು ಆರ್ತಧ್ಯಾನದ ಒಂದು ಭೇದವೆಂದು ಸ್ವಾಧ್ಯಾಯದಲ್ಲಿ ಎಷ್ಟೋ ಸಲ ಓದಿದ್ದೆ. ಔಷಧವು ಶ್ರಾವಕನಿಗೆ ನಿಷಿದ್ಧವಾಗಿದ್ದರೆ ನಮ್ಮ ಆಚಾರ್ಯರು ಔಷಧದಾನವನ್ನು ನಾಲ್ಕು ದಾನಗಳಲ್ಲಿ ಎಣಿಸುತ್ತಿರಲಿಲ್ಲ.

ಈ ಸೂಜಿಯ ವಿದ್ಯೆ ನಮ್ಮ ನಾಡಿಗೆ ಬಂದ ದಾರಿಯೂ ಸೇವೆಯ ದಾರಿಯೇ. 1938ರಲ್ಲಿ ಯುದ್ಧಪೀಡಿತ ಚೀನಾಕ್ಕೆ ಭಾರತದಿಂದ ಐವರು ವೈದ್ಯರು ಹೋದರು. ಅವರಲ್ಲಿ ನಮ್ಮ ಗಡಿಯಾಚೆಯ ಸೊಲ್ಲಾಪುರದ ದ್ವಾರಕಾನಾಥ ಕೋಟ್ನಿಸರು 1942ರಲ್ಲಿ ಅಲ್ಲಿಯೇ ದೇಹವಿಟ್ಟರು. ಸಂಗಡಿಗರಾದ ಕಲ್ಕತ್ತೆಯ ಬಿಜಯ್ ಕುಮಾರ್ ಬಸು ಅವರು 1950ರ ದಶಕದ ಕೊನೆಯಲ್ಲಿ ಮರಳಿ ಚೀನಾಕ್ಕೆ ಹೋಗಿ ಆಕ್ಯುಪಂಕ್ಚರ್ ಕಲಿತು ಬಂದು ಇಲ್ಲಿ ಹರಡಿದರು. 2019ರಲ್ಲಿ ಕೇಂದ್ರ ಸರಕಾರವು ಅದನ್ನು ಸ್ವತಂತ್ರ ಚಿಕಿತ್ಸಾಪದ್ಧತಿಯೆಂದು ಮಾನ್ಯ ಮಾಡಿತು.

ಚೀನೀಯರ ಎಣಿಕೆಯಂತೆ ಪಿತ್ತಕೋಶದ ನಾಡಿಯು ಕಾಲಿನ ಹೊರಬದಿಯಲ್ಲಿ ಇಳಿಯುತ್ತದೆ. ಸೊಂಟದ ಬಳಿಯ ಹುವಾನ್‌ತಿಯಾವ್ ಎಂಬ ಬಿಂದುವಿನಲ್ಲಿಯೂ ಮೊಣಕಾಲಿನ ಕೆಳಗೂ ಕೂದಲೆಳೆಯಂಥ ಸೂಜಿಗಳನ್ನು ಇಟ್ಟರು. ಚುಚ್ಚಿದ ನೋವಿಗಿಂತ ಒಂದು ಬಗೆಯ ಜೋಮು, ಭಾರ. ಎಂಟು ಸಲ ಹೋಗಿಬಂದ ಮೇಲೆ ರಾತ್ರಿ ನಿದ್ರೆ ಹತ್ತತೊಡಗಿತು. ಆದರೆ ಅಷ್ಟೂ ದಿನ ವ್ಯಾಯಾಮವೂ ನಡೆದಿತ್ತು. ಒಂದೇ ಜಮೆಯನ್ನು ಎರಡು ಖಾತೆಗೆ ಬರೆಯುವುದು ವ್ಯಾಪಾರಿಗೆ ಸಲ್ಲದು. ದೀರ್ಘಕಾಲದ ನೋವುಗಳ ಕುರಿತು ನಡೆದ ಪರೀಕ್ಷೆಗಳಲ್ಲಿ ನಿಜವಾದ ಸೂಜಿಗೂ ತೋರಿಕೆಯ ಸೂಜಿಗೂ ಕಂಡ ಅಂತರ ದೊಡ್ಡದಲ್ಲವೆಂಬುದನ್ನೂ ಓದುಗರು ತಿಳಿದಿರಬೇಕು.

ಸ್ವಾಧ್ಯಾಯ ಮಂಡಲಿಯಲ್ಲಿ ಒಬ್ಬ ಯುವಕ ಕೇಳಿದ: ಮೈಗೆ ಸೂಜಿ ಚುಚ್ಚಿಸಿಕೊಳ್ಳುವುದು ಹಿಂಸೆಯಲ್ಲವೇ? ಉಮಾಸ್ವಾಮಿಗಳು ಹಿಂಸೆಯ ಲಕ್ಷಣ ಹೇಳುವಾಗ ಪ್ರಮಾದವನ್ನು ಮುಂದಿಟ್ಟಿದ್ದಾರೆ, ಹಿತಬುದ್ಧಿಯಿಂದ ಎಚ್ಚರದಲ್ಲಿ ಇಟ್ಟ ಸೂಜಿಯಲ್ಲಿ ಪ್ರಮಾದವಿಲ್ಲ ಎಂದು ಧೈರ್ಯವಾಗಿ ಉತ್ತರಿಸಿದೆ. ಪ್ರಮಾದ ನನ್ನ ಸೊಂಟದ ಮೇಲೆಯೇ ಅಂಟಿಕೊಂಡಿದ್ದುದು ಆಗ ನನಗೆ ತಿಳಿದಿರಲಿಲ್ಲ.

ಹೊರದೇಶದಿಂದ ಬಂದ ಬಂಧುವೊಬ್ಬರು ಪ್ರೀತಿಯಿಂದ ನೋವಿನ ಪಟ್ಟಿಗಳ ಪೊಟ್ಟಣವೊಂದನ್ನು ಕೊಟ್ಟಿದ್ದರು. ಹದಿನೈದು ದಿನ ಹಚ್ಚಿಕೊಂಡೆ. ಒಂದು ಸಂಜೆ ಮೊಮ್ಮಗಳು ಪೊಟ್ಟಣದ ಹಿಂಬದಿಯ ಸಣ್ಣಕ್ಷರಗಳನ್ನು ಓದಿ, "ತಾತ, ಇದರಲ್ಲಿ ಕಸ್ತೂರಿ ಇದೆಯಲ್ಲ" ಎಂದಳು. ಮಗಳಿಗೆ ಕಸ್ತೂರಿ ಎಂದು ಹೆಸರಿಡುವ ನಾವು ಆ ವಸ್ತು ಎಲ್ಲಿಂದ ಬರುತ್ತದೆಂದು ಕೇಳುವುದಿಲ್ಲ. ಗಂಡುಮೃಗದ ಹೊಟ್ಟೆಯಡಿಯ ಗ್ರಂಥಿ ಅದು. ಸುಮಾರು 25 ಗ್ರಾಂ ಕಸ್ತೂರಿಗಾಗಿ ತಲೆತಲಾಂತರದಿಂದ ಆ ಮೃಗವನ್ನು ಕೊಂದಿದ್ದಾರೆ. ಈಗ ಕೃತಕ ಕಸ್ತೂರಿಯೂ ಬಳಕೆಯಲ್ಲಿದೆ. ನನ್ನ ಪಟ್ಟಿಯಲ್ಲಿದ್ದುದು ಯಾವುದೆಂದು ಪೊಟ್ಟಣ ಹೇಳಲಿಲ್ಲ. ಚೀನಾ ದೇಶವು 1993ರಲ್ಲಿ ಹುಲಿಯೆಲುಬಿನ ವ್ಯಾಪಾರವನ್ನು ನಿಷೇಧಿಸಿತು, 2020ರಲ್ಲಿ ಚಿಪ್ಪುಹಂದಿಯ ಚಿಪ್ಪನ್ನು ತನ್ನ ಔಷಧಕೋಶದ ಪಟ್ಟಿಯಿಂದ ಕೈಬಿಟ್ಟಿತು. ಕತ್ತೆಯ ಚರ್ಮದ ಅಂಟು ಇನ್ನೂ ಮಾರಾಟವಾಗುತ್ತಿದೆ.

ಚೀನೀಯರನ್ನಷ್ಟೇ ದೂರುವುದು ನ್ಯಾಯವಲ್ಲ. ನಾವು ನೀರಿನೊಡನೆ ನುಂಗುವ ಎಷ್ಟೋ ಗುಳಿಗೆಗಳ ಹೊರಕವಚ ದನದ ಎಲುಬು ಚರ್ಮಗಳಿಂದ ತೆಗೆದ ಜೆಲಟಿನ್. ಈ ಪ್ರಶ್ನೆಯನ್ನು ನಮ್ಮ ಹಿರಿಯರು ಸಾವಿರ ವರ್ಷಗಳ ಹಿಂದೆಯೇ ಕೇಳಿದ್ದರು. ಒಂಬತ್ತನೆಯ ಶತಮಾನದ ಉಗ್ರಾದಿತ್ಯಾಚಾರ್ಯರು 'ಕಲ್ಯಾಣಕಾರಕ'ದಲ್ಲಿ ಮದ್ಯ, ಮಾಂಸ, ಮಧುಗಳನ್ನು ಬಿಟ್ಟು ವೈದ್ಯವನ್ನು ಬರೆದರು. ಮಾಂಸವೇ ಹಿತವೆಂಬ ವಾದವನ್ನು ನೃಪತುಂಗನ ಸಭೆಯಲ್ಲಿ ಖಂಡಿಸಿದರು. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಆ ದಾರಿಯನ್ನೇ ಹಿಡಿದು ಕನ್ನಡದಲ್ಲಿ ವೈದ್ಯಗ್ರಂಥ ರಚಿಸಿದನು. ಪ್ರಾಣಿಯಿಂದ ಬಂದುದೆಲ್ಲವೂ ತ್ಯಾಜ್ಯವೆಂದಲ್ಲ: ಮುನಿಗಳ ಪಿಂಛಿ ನವಿಲು ತಾನಾಗಿ ಉದುರಿಸಿದ ಗರಿಗಳದು. ಕಸ್ತೂರಿ ಹಾಗೆ ಉದುರಿಬಿದ್ದದ್ದಲ್ಲ.

ವೈದ್ಯಕೀಯ ಶಿಬಿರ ನಡೆಸುವ ಬಸದಿ ಟ್ರಸ್ಟುಗಳಿಗೆ ನನ್ನ ಒಂದು ಬಿನ್ನಹ. ಸೂಜಿ ಚಿಕಿತ್ಸೆ ಇಟ್ಟುಕೊಳ್ಳಿ, ಸಂಕೋಚ ಬೇಡ. ಚಿಕಿತ್ಸಕರ ಅರ್ಹತಾಪತ್ರ ನೋಡಿರಿ, ಪ್ರತಿಯೊಬ್ಬರಿಗೂ ಹೊಸ ಸೂಜಿಯೇ ಆಗಬೇಕು, ರಕ್ತ ತೆಳುವಾಗಿಸುವ ಔಷಧ ಸೇವಿಸುವವರು ಮೊದಲೇ ಹೇಳಬೇಕು. ಅದರ ಜೊತೆಯಲ್ಲಿ ಬರುವ ಲೇಪ, ಗುಳಿಗೆ, ಪಟ್ಟಿಗಳ ಘಟಕಗಳನ್ನು ಬರವಣಿಗೆಯಲ್ಲಿ ಪಡೆಯದೆ ಒಳಗೆ ಬಿಡಬೇಡಿ.

ನಾನು ಗುರುಗಳಲ್ಲಿ ನಿವೇದಿಸಿಕೊಂಡು ಪ್ರಾಯಶ್ಚಿತ್ತ ಪಡೆದೆ. ಈಗ ಸಾಮಾಯಿಕವನ್ನು ಕಾಯೋತ್ಸರ್ಗದಲ್ಲಿ ನಿಂತೇ ಮಾಡುತ್ತೇನೆ, ಹಗಲಿನ ನೋವು ಪೂರ್ತಿ ಹೋಗಿಲ್ಲ. ಉಳಿದ ನಾಲ್ಕು ಪಟ್ಟಿಗಳು ಗಾದಿಯ ಪಕ್ಕದ ಸೆಳೆಪೆಟ್ಟಿಗೆಯಲ್ಲಿವೆ. ಕೊಟ್ಟ ಬಂಧು ಮೊನ್ನೆ ದೂರವಾಣಿಯಲ್ಲಿ, ಹೇಗಿದೆ, ಇನ್ನೊಂದು ಪೊಟ್ಟಣ ಕಳುಹಿಸಲೇ ಎಂದು ಕೇಳಿದರು. ಅವರ ಮನಸ್ಸು ನೋಯದಂತೆ ಹೇಗೆ ಹೇಳುವುದೆಂದು ಇನ್ನೂ ಯೋಚಿಸುತ್ತಿದ್ದೇನೆ.