ನಲವತ್ತರ ಹೋಟೆಲು, ಇಪ್ಪತ್ಮೂರರ ಮಗಳು

ಜಪಾನ್ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಬುಲೆಟ್ ರೈಲು, ಮುಗಿಲು ಮುಟ್ಟುವ ಕಟ್ಟಡ, ಎಲ್ಲವೂ ಹೊಚ್ಚಹೊಸದಾಗಿ ಹೊಳೆಯುವ ಒಂದು ಲೋಕ. ಆ ದೇಶದಲ್ಲೂ ವಯಸ್ಸಾದ ಹೋಟೆಲುಗಳಿವೆ, ಬಣ್ಣ ಮಾಸಿದ ಕಾರ್ಪೆಟ್ಟುಗಳಿವೆ ಎಂದರೆ ಹಲವರು ನಂಬಲಾರರು. ಅಂಥದೊಂದು ಹೋಟೆಲಿನಲ್ಲಿ 2024ರ ಸೆಪ್ಟೆಂಬರ್ ಕೊನೆಯಲ್ಲಿ ನಾನು ಐದು ರಾತ್ರಿ ಕಳೆದೆ. ನಮ್ಮೂರಲ್ಲಿ ಹೋಟೆಲು ಎಂದರೆ ಇಡ್ಲಿ, ಕಾಫಿ ಸಿಗುವ ಜಾಗ. ಇಲ್ಲಿ ನಾನು ಹೇಳುತ್ತಿರುವುದು ಉಳಿದುಕೊಳ್ಳುವ ಹೋಟೆಲಿನ ಮಾತು; ನಮ್ಮ ಭಾಷೆಯಲ್ಲಿ ಲಾಡ್ಜು ಅನ್ನಿ.

ಮಗಳಿಗೆ ಒಸಾಕಾದ ವಿಶ್ವವಿದ್ಯಾಲಯವೊಂದರಲ್ಲಿ ಸ್ನಾತಕೋತ್ತರ ಓದಿಗೆ ಸೀಟು ಸಿಕ್ಕಿತ್ತು. ಜಪಾನಿನಲ್ಲಿ ಶೈಕ್ಷಣಿಕ ವರ್ಷ ಶುರುವಾಗುವುದು ಏಪ್ರಿಲ್‌ನಲ್ಲಿ. ಆದರೆ ಹೊರದೇಶದವರಿಗೆ ಅನುಕೂಲವಾಗಲೆಂದು ಹಲವು ವಿಶ್ವವಿದ್ಯಾಲಯಗಳು ಅಕ್ಟೋಬರಿನಲ್ಲೂ ಪ್ರವೇಶ ಕೊಡುತ್ತವೆ. ಹಾಸ್ಟೆಲಿನ ಕೋಣೆ ಕೈಗೆ ಬರುವ ತನಕ ನಾಲ್ಕು ರಾತ್ರಿ ಎಲ್ಲಾದರೂ ಇರಬೇಕಿತ್ತು. ಶಾಲೆಗೆ ರಜೆ ಹಾಕಿ ನಾನೂ ಅವಳ ಜೊತೆ ಹೊರಟೆ. ಜೊತೆಗೆ ಹೋಗುವುದು ನೆಪ; ಮಗಳನ್ನು ಎಂಥ ಊರಲ್ಲಿ ಬಿಟ್ಟು ಬರುತ್ತಿದ್ದೇನೆ ಎಂದು ನನ್ನ ಕಣ್ಣಿಂದಲೇ ನೋಡಬೇಕಿತ್ತು.

ಓದಿಗೆ ಬ್ಯಾಂಕಿನ ಸಾಲವಿತ್ತು. ಹಾಗಾಗಿ ಹೋಟೆಲನ್ನು ಮಗಳೇ ಲೆಕ್ಕ ಹಾಕಿ ಹುಡುಕಿದ್ದಳು. ತೆನ್ನೋಜಿ ನಿಲ್ದಾಣದಿಂದ ಹತ್ತು ನಿಮಿಷದ ನಡಿಗೆ. ಇಬ್ಬರಿಗೆ ದಿನಕ್ಕೆ ಎಂಟು ಸಾವಿರ ಯೆನ್, ಅಂದಿನ ಲೆಕ್ಕದಲ್ಲಿ ನಾಲ್ಕೂವರೆ ಸಾವಿರ ರೂಪಾಯಿಗೆ ಸ್ವಲ್ಪ ಮೇಲೆ. ಕಟ್ಟಿದ್ದು 1984ರಲ್ಲಿ. ನನ್ನ ಮಗಳಿಗಿಂತ ಹದಿನೇಳು ವರ್ಷ ದೊಡ್ಡದು!

ಕೋಣೆ ಎಷ್ಟು ಚಿಕ್ಕದೆಂದರೆ ಎರಡು ಸೂಟ್‌ಕೇಸುಗಳನ್ನು ಒಟ್ಟಿಗೆ ತೆರೆಯಲಾಗದು. ಒಬ್ಬರು ಬಟ್ಟೆ ತೆಗೆಯುವಾಗ ಇನ್ನೊಬ್ಬರು ಮಂಚದ ಮೇಲೆ ಕಾಲು ಮಡಿಸಿ ಕೂರಬೇಕು. ಗೋಡೆಯ ಕಾಗದ ಹಳದಿಗೆ ತಿರುಗಿತ್ತು. ಕಾರ್ಪೆಟ್ಟಿನಲ್ಲಿ ಒಂದು ಕಡೆ ಸವೆದ ಭಾಗವನ್ನು ಚೌಕವಾಗಿ ಕತ್ತರಿಸಿ, ಅದೇ ಬಣ್ಣದ ತುಂಡನ್ನು ಕೂರಿಸಿದ್ದರು. ಹೊಲಿಗೆ ಬಲ್ಲವರು ಹರಿದ ಸೀರೆಗೆ ತೇಪೆ ಹಾಕಿದಂತೆ ಅದು ಒಪ್ಪವಾಗಿತ್ತು. ಮಂಚದ ಕೆಳಗೆ ಕೈಯಾಡಿಸಿ ನೋಡಿದೆ. ಧೂಳಿಲ್ಲ. ಹಾಸಿಗೆಯ ಬಟ್ಟೆಗೆ ಬಿಸಿಲಿನಲ್ಲಿ ಒಣಗಿದಂಥ ವಾಸನೆ. ಮಡಿಸಿಟ್ಟ ಎರಡು ಯುಕಾತಾ, ಅಂದರೆ ರಾತ್ರಿ ಉಡುವ ಹತ್ತಿಯ ನಿಲುವಂಗಿ. ಎರಡು ಜೊತೆ ಚಪ್ಪಲಿ. ನೀರು ಕಾಯಿಸುವ ಕೆಟಲು, ಪಕ್ಕದಲ್ಲಿ ಹಸಿರು ಚಹಾದ ಪುಟ್ಟ ಚೀಲಗಳು.

ಬಚ್ಚಲು ಮನೆಯದು ಒಂದು ಸ್ವಾರಸ್ಯದ ಕಥೆ. ತೊಟ್ಟಿ, ಬೇಸಿನ್ನು, ಕಮೋಡು ಎಲ್ಲವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥ ಪೆಟ್ಟಿಗೆ. 1964ರ ಟೋಕಿಯೋ ಒಲಿಂಪಿಕ್ಸಿಗೆ ಮೊದಲು ನ್ಯೂ ಒಟಾನಿ ಎಂಬ ದೊಡ್ಡ ಹೋಟೆಲನ್ನು ತುರ್ತಾಗಿ ಕಟ್ಟಿ ಮುಗಿಸಬೇಕಿತ್ತು. ಸಾವಿರಕ್ಕೂ ಹೆಚ್ಚು ಕೋಣೆಗಳಿಗೆ ಬಚ್ಚಲು ಕಟ್ಟುತ್ತಾ ಕೂತರೆ ಆಟ ಮುಗಿದು ಹೋಗುತ್ತಿತ್ತು. ಆಗ ಟೋಟೋ ಕಂಪನಿ ಕಾರ್ಖಾನೆಯಲ್ಲೇ ಬಚ್ಚಲಿನ ಭಾಗಗಳನ್ನು ತಯಾರಿಸಿ ತಂದು ಜೋಡಿಸಿಕೊಟ್ಟಿತು. ಆ ಉಪಾಯವೇ ಮುಂದೆ ದೇಶದ ತುಂಬ ಹಬ್ಬಿತು. ಸಂದುಗಳು ಕಡಿಮೆ, ಆದ್ದರಿಂದ ನೀರು ಸೋರುವುದೂ ಪಾಚಿ ಕಟ್ಟುವುದೂ ಕಡಿಮೆ.

ಜಪಾನಿಗೆ ಹೊರಡುವ ವಿದ್ಯಾರ್ಥಿಗಳಿಗೆ ವಿಜ್ಞಾನದ ಮೇಷ್ಟ್ರಾಗಿ ಒಂದು ಮಾತು. ಅಲ್ಲಿನ ಮನೆಬಳಕೆಯ ವಿದ್ಯುತ್ತು 100 ವೋಲ್ಟ್, ನಮ್ಮದು 230. ನಮ್ಮ ಸಾವಿರ ವಾಟ್‌ನ ನೀರು ಕಾಯಿಸುವ ಕಾಯಿಲು ಅಲ್ಲಿ ಇನ್ನೂರು ವಾಟ್ ಕೂಡ ಕೊಡದು. ವೋಲ್ಟೇಜು ಅರ್ಧಕ್ಕಿಳಿದರೆ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ ಎಂದು ಹತ್ತನೆಯ ತರಗತಿಯಲ್ಲಿ ಓದಿದ್ದೀರಲ್ಲ, ಅದೇ ಲೆಕ್ಕ. ಅಮ್ಮಂದಿರು ಪ್ರೀತಿಯಿಂದ ಕಟ್ಟಿಕೊಡುವ ರೈಸ್ ಕುಕ್ಕರ್ ಬರೀ ಭಾರ. ಮೊಬೈಲ್ ಚಾರ್ಜರಿನ ಮೇಲೆ 100ರಿಂದ 240 ಎಂದು ಬರೆದಿದ್ದರೆ ಚಿಂತೆಯಿಲ್ಲ, ಎರಡು ಚಪ್ಪಟೆ ಕಡ್ಡಿಯ ಅಡಾಪ್ಟರ್ ಒಂದಿದ್ದರೆ ಸಾಕು. ನಾವು ಕೋಣೆಯ ಕೆಟಲಿನಲ್ಲಿ ನೀರು ಕಾಯಿಸಿ, ಬಿಸಿನೀರು ಹಾಕಿ ಮುಚ್ಚಿಟ್ಟರೆ ಆಗುವ ಪೊಟ್ಟಣದ ಉಪ್ಪಿಟ್ಟಿನಲ್ಲೇ ಬೆಳಗಿನ ತಿಂಡಿ ಮುಗಿಸುತ್ತಿದ್ದೆವು.

ಇಷ್ಟು ಕಡಿಮೆ ಬಾಡಿಗೆ ಹೇಗೆ ಸಾಧ್ಯ? ಪೆಟ್ಟಿಗೆ ಹೊರುವವರಿಲ್ಲ, ಕೋಣೆಗೆ ಊಟ ತರುವವರಿಲ್ಲ. ಚಹಾ, ನೀರು, ಸೋಪಿನ ಪುಡಿ ಎಲ್ಲ ಯಂತ್ರದಲ್ಲಿ. ಬಟ್ಟೆ ಒಗೆಯುವ ಯಂತ್ರಕ್ಕೂ ನಾಣ್ಯ ಹಾಕಬೇಕು. ಮಧ್ಯಾಹ್ನ ಮೂರಕ್ಕೆ ಮೊದಲು ಕೋಣೆ ಕೊಡರು, ಬೆಳಿಗ್ಗೆ ಹತ್ತಕ್ಕೆ ಬಿಡಬೇಕು. ನಾವು ಮಾಡಿಕೊಳ್ಳಬಹುದಾದ ಕೆಲಸಕ್ಕೆಲ್ಲ ಜನ ಇಟ್ಟಿಲ್ಲ, ಮಾಡಿಕೊಳ್ಳಲಾಗದ್ದಕ್ಕೆ ಇಟ್ಟಿದ್ದಾರೆ. ಶುಚಿ ಮಾಡುವುದು, ದುರಸ್ತಿ ಮಾಡುವುದು, ರಾತ್ರಿಯೆಲ್ಲ ಕೌಂಟರಿನಲ್ಲಿ ಎಚ್ಚರವಿರುವುದು. ಟಿಪ್ಸ್ ಕೊಡುವ ಪದ್ಧತಿಯೇ ಆ ದೇಶದಲ್ಲಿಲ್ಲ. ಆದರೆ ದರ ಯಾವಾಗಲೂ ಹೀಗೇ ಇರುವುದಿಲ್ಲ. ಶನಿವಾರ, ಚೆರ್ರಿ ಹೂ ಅರಳುವ ವಸಂತ, ಏಪ್ರಿಲ್ ಕೊನೆಯ ಗೋಲ್ಡನ್ ವೀಕ್ ರಜೆ, ಆಗಸ್ಟ್ ನಡುವಿನ ಪಿತೃಪೂಜೆಯ ದಿನಗಳಲ್ಲಿ ಏರುತ್ತದೆ.

ತಾಯಿಯಾಗಿ ನನಗೆ ಮುಖ್ಯವೆನಿಸಿದ್ದು ಕಟ್ಟಡದ ವಯಸ್ಸು. ಅಲ್ಲಿ 1981ರ ಜೂನ್‌ನಿಂದ ಭೂಕಂಪ ತಾಳುವ ಕಟ್ಟಡಗಳಿಗೆ ಹೊಸ, ಬಿಗಿಯಾದ ನಿಯಮ ಜಾರಿಗೆ ಬಂತು. 1995ರ ಜನವರಿಯಲ್ಲಿ ಪಕ್ಕದ ಕೋಬೆಯನ್ನು ಭೂಕಂಪ ನುಚ್ಚುನೂರು ಮಾಡಿದಾಗ, ಆ ನಿಯಮದಂತೆ ಕಟ್ಟಿದವು ಹಳೆಯವಕ್ಕಿಂತ ಎಷ್ಟೋ ಚೆನ್ನಾಗಿ ತಡೆದುಕೊಂಡವು. ಹಾಗಾಗಿ ಅಲ್ಲಿ ಹೋಟೆಲೋ ಬಾಡಿಗೆ ಮನೆಯೋ ಹುಡುಕುವವರು ಬಣ್ಣಕ್ಕಿಂತ ಮೊದಲು ಕೇಳಬೇಕಾದದ್ದು ಕಟ್ಟಿದ ವರ್ಷವನ್ನು. ನಮ್ಮ ಕೋಣೆಯ ಹಾಸಿಗೆಯ ಬಳಿ ಗೋಡೆಗೆ ಒಂದು ಟಾರ್ಚು ಸಿಕ್ಕಿಸಿತ್ತು. ಬಾಗಿಲ ಹಿಂದೆ ಪಾರಾಗುವ ದಾರಿಯ ನಕ್ಷೆ. ಓಣಿಯ ಕೊನೆಯ ಕಿಟಕಿಯ ಗಾಜಿನ ಮೇಲೆ ತಲೆಕೆಳಗಾದ ಕೆಂಪು ತ್ರಿಕೋನ. ಬೆಂಕಿ ಬಿದ್ದರೆ ಅಗ್ನಿಶಾಮಕದವರು ಹೊರಗಿನಿಂದ ಒಳಬರಬೇಕಾದ ಕಿಟಕಿ ಅದು ಎಂಬ ಗುರುತು. ಟಾರ್ಚು ತೆಗೆದು ನೋಡಿದೆ, ಉರಿಯಿತು. ನಲವತ್ತು ವರ್ಷದ ಕಟ್ಟಡದಲ್ಲಿ ಯಾರೋ ತಪ್ಪದೆ ಬ್ಯಾಟರಿ ಬದಲಿಸುತ್ತಿದ್ದಾರೆ.

ಮೂರನೆಯ ರಾತ್ರಿ ಹತ್ತೂವರೆಗೆ ಬೇಸಿನ್ನಿನ ನಲ್ಲಿ ನಿಲ್ಲದೆ ಸುರಿಯತೊಡಗಿತು. ನಾನು ಏಳುವಷ್ಟರಲ್ಲಿ ಮಗಳು “ನೀನು ಕೂತಿರಮ್ಮ, ನಾನು ಹೋಗಿ ಹೇಳ್ತೀನಿ” ಎಂದು ಹೊರಟಳು. ದಾರಿಯುದ್ದಕ್ಕೂ “ಮಿಜು ಗಾ ತೋಮರಿಮಾಸೆನ್” ಎಂದು ಬಾಯಿಪಾಠ ಮಾಡುತ್ತಾ ಇಳಿದಳಂತೆ. ನೀರು ನಿಲ್ಲುತ್ತಿಲ್ಲ ಎಂದರ್ಥ. ಹತ್ತು ನಿಮಿಷದಲ್ಲಿ ಅರವತ್ತು ದಾಟಿದ ಒಬ್ಬರು ಸಲಕರಣೆಯ ಪೆಟ್ಟಿಗೆ ಹಿಡಿದು ಬಂದರು. ಚಪ್ಪಲಿ ಬಾಗಿಲಲ್ಲೇ ಬಿಟ್ಟರು. ವಾಷರ್ ಬದಲಿಸಿ, ಒದ್ದೆ ನೆಲ ಒರೆಸಿ, ಹಳೆಯ ವಾಷರನ್ನು ಮಗಳ ಅಂಗೈಯಲ್ಲಿಟ್ಟು ಸವೆದ ಅಂಚನ್ನು ತೋರಿಸಿದರು. ಆಮೇಲೆ ನಿಧಾನವಾಗಿ, ಶಾಲೆಯ ಮಗುವಿಗೆ ಕಲಿಸುವಂತೆ, ಅವಳು ಹೇಳಿದ ವಾಕ್ಯದ ಉಚ್ಚಾರವನ್ನು ಎರಡು ಸಲ ತಿದ್ದಿಕೊಟ್ಟರು. ಆ ರಾತ್ರಿ ನಾನು ಚೆನ್ನಾಗಿ ನಿದ್ದೆ ಮಾಡಿದೆ.

ಮರುದಿನ ಹತ್ತಿರದ ಶಿತೆನ್ನೋಜಿ ದೇವಾಲಯಕ್ಕೆ ಹೋದೆವು. ರಾಜಕುಮಾರ ಶೋತೋಕು 593ರಲ್ಲಿ ಸ್ಥಾಪಿಸಿದ ಬೌದ್ಧ ಮಂದಿರ. ಅದರ ಗೋಪುರ 1934ರ ಬಿರುಗಾಳಿಗೆ ಬಿತ್ತು, ಮತ್ತೆ ಕಟ್ಟಿದ್ದು 1945ರ ಬಾಂಬು ದಾಳಿಗೆ ಸುಟ್ಟಿತು. ಈಗ ನಿಂತಿರುವುದು ಆಮೇಲೆ ಕಟ್ಟಿದ ಕಾಂಕ್ರೀಟಿನದು. ಕಲ್ಲು ಮರಗಳಿಗಲ್ಲ, ಬಿದ್ದಾಗಲೆಲ್ಲ ಎತ್ತಿ ನಿಲ್ಲಿಸಿದ ಕೈಗಳಿಗೆ ಸಾವಿರದ ನಾನೂರು ವರ್ಷ ವಯಸ್ಸು. ನಮ್ಮ ಹೋಟೆಲಿನ ಕಾರ್ಪೆಟ್ಟಿನ ತೇಪೆ ನೆನಪಾಯಿತು.

ಹೊಳಪಿಗೆ ದುಡ್ಡು ಸಾಕು, ಒಪ್ಪಕ್ಕೆ ದಿನವೂ ಯಾರೋ ಬಗ್ಗಿ ಗುಡಿಸಬೇಕು. ದೂರದ ಊರಿಗೆ ಮಕ್ಕಳನ್ನು ಕಳಿಸುವ ತಂದೆತಾಯಂದಿರು ಸ್ವಾಗತದ ಕೋಣೆಯ ದೀಪಗುಚ್ಛ ನೋಡುವುದಕ್ಕಿಂತ ಮಂಚದ ಕೆಳಗೆ ಬಗ್ಗಿ ನೋಡುವುದು ಒಳ್ಳೆಯದು. ಮಕ್ಕಳೂ ಅಷ್ಟೆ: ಬೆಲೆಪಟ್ಟಿಯಲ್ಲಿ ಮೇಲಿನದನ್ನೋ ಎಲ್ಲಕ್ಕಿಂತ ಕೆಳಗಿನದನ್ನೋ ಕಣ್ಣುಮುಚ್ಚಿ ಆರಿಸದೆ, ತಮಗೆ ಏನು ಬೇಕು, ಏನಿಲ್ಲದೆ ನಡೆಯುತ್ತದೆ ಎಂದು ಕೂತು ಬರೆದರೆ ಸಾಲದ ದುಡ್ಡು ಬಹಳ ದೂರ ಬರುತ್ತದೆ.

ಐದನೆಯ ದಿನ ಬೆಳಿಗ್ಗೆ ಮಗಳು ಹಾಸ್ಟೆಲಿಗೆ ಹೋದಳು. ಅವಳನ್ನು ಬಿಟ್ಟು ಸಂಜೆ ಒಬ್ಬಳೇ ಕೋಣೆಗೆ ಬಂದಾಗ ಎರಡೂ ಹಾಸಿಗೆ ಹೊಸದಾಗಿ ಹಾಸಿದ್ದರು. ಎರಡರ ಮೇಲೂ ಒಂದೊಂದು ಯುಕಾತಾ. ನಾನು ಒಂದನ್ನು ಉಟ್ಟು, ಇನ್ನೊಂದರ ಮಡಿಕೆ ಬಿಚ್ಚದೆ ಹಾಗೇ ಬಿಟ್ಟೆ. ಒಂಬತ್ತಕ್ಕೆ ಫೋನು ಬಂತು: “ಅಮ್ಮ, ಹಾಸ್ಟೆಲಿನ ರೂಮು ಇನ್ನೂ ಚಿಕ್ಕದು. ಕಟ್ಟಿದ್ದು 1992ರಲ್ಲಿ. ಮಂಚದ ಕೆಳಗೂ ನೋಡಿದೆ, ಚೆನ್ನಾಗಿದೆ.”