ಹಣ ಕೊಟ್ಟವರ ಪಟ್ಟಿ

ಮನೆಗೆ ಇನ್ನೂರು ರೂಪಾಯಿ ಯಾರಿಗೂ ಭಾರವಾಗದು ಎಂದು ನಾನೇ ಲೆಕ್ಕ ಹಾಕಿಕೊಂಡಿದ್ದೆ. ತರೀಕೆರೆ ತಾಲ್ಲೂಕಿನ ನಮ್ಮೂರ ಸರ್ಕಾರಿ ಶಾಲೆಯ ಎಸ್‌ಡಿಎಂಸಿಗೆ, ಅಂದರೆ ಶಾಲಾಭಿವೃದ್ಧಿ ಸಮಿತಿಗೆ, ಆಗಷ್ಟೇ ಅಧ್ಯಕ್ಷನಾಗಿದ್ದೆ. ಕಡೂರಿನಲ್ಲಿ ನೆಂಟರ ಮಗು ಓದುವ ಖಾಸಗಿ ಶಾಲೆಯೊಂದರ ಪಾಲಕರ ದಿನಕ್ಕೆ ಹೋಗಿ ಬಂದಿದ್ದೆ. ಶಾಮಿಯಾನ, ಮೈಕ್‌ಸೆಟ್, ಅಪ್ಪ ಅಮ್ಮಂದಿರಿಗೂ ಕುರ್ಚಿ ಆಟ, ಕೊನೆಗೆ ಐಸ್‌ಕ್ರೀಂ. ನಮ್ಮ ಮಕ್ಕಳು ಏನು ಕಡಿಮೆ ಎಂಬ ಹಟ ಹತ್ತಿತು. ಖರ್ಚನ್ನೆಲ್ಲ ಹಿಡಿದು, ಐಸ್‌ಕ್ರೀಂ ಬಿಟ್ಟು, ಅಗ್ಗದಲ್ಲೇ ಮುಗಿಸುತ್ತೇನೆಂದುಕೊಂಡೆ. ಮಕ್ಕಳ ದಿನಾಚರಣೆ ಕಳೆದ ಮೇಲಿನ ಭಾನುವಾರ ಗೊತ್ತು ಮಾಡಿದೆ.

ನವೆಂಬರ್ ಅಂದರೆ ನಮ್ಮ ಕಡೆ ಅಡಿಕೆ ಕೊಯ್ಲಿನ ಕಾಲ. ಅದು ನನಗೆ ತಿಳಿಯದ ವಿಷಯವಲ್ಲ; ನನ್ನ ಮನೆಯಲ್ಲೇ ಒಂದಿಷ್ಟು ತೋಟ ಇದೆ. ಆದರೂ ಹೊಳೆಯಲಿಲ್ಲ.

ದುಡ್ಡು ನಿಧಾನವಾಗಿ ಬಂತು. ಶಾಮಿಯಾನದವನು ಮುಂಗಡ ಕೇಳುತ್ತಿದ್ದ. ಆಗ ನಾನು ಶಾಲೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದು ಪಟ್ಟಿ ಹಾಕಿದೆ. ಮಕ್ಕಳ ಹೆಸರು, ಅದರ ಮುಂದೆ ಕೊಟ್ಟವರಿಗೆ ಹಸಿರು ಗುರುತು, ಕೊಡದವರಿಗೆ ಕೆಂಪು. ದಿನವೂ ರಾತ್ರಿ ಅದನ್ನು ಹೊಸದು ಮಾಡಿ ಹಾಕುತ್ತಿದ್ದೆ. ಲೆಕ್ಕ ಪಾರದರ್ಶಕವಾಗಿರಲಿ ಎಂಬ ಹೆಮ್ಮೆ ಬೇರೆ. ಯಾರೂ ಒಂದು ಮಾತೂ ಬರೆಯಲಿಲ್ಲ. ಆ ಮೌನವನ್ನು ಒಪ್ಪಿಗೆ ಅಂದುಕೊಂಡೆ.

ಭಾನುವಾರ ಅರ್ಧಕ್ಕರ್ಧ ಕುರ್ಚಿ ಖಾಲಿ. ಉಪ್ಪಿಟ್ಟು, ಕೇಸರಿಬಾತು ಪಾತ್ರೆಯಲ್ಲೇ ಆರಿತು. ಬೇಸರ, ಸಿಟ್ಟು ಎರಡೂ ಸೇರಿ ಮೈಕ್ ಹಿಡಿದೆ. ಮಕ್ಕಳ ಮೇಲೆ ಅಕ್ಕರೆ ಇರುವವರು ಬಂದಿದ್ದಾರೆ, ಇಲ್ಲದವರು ಬಂದಿಲ್ಲ ಎಂದುಬಿಟ್ಟೆ. ಮೈಕಿನ ಸದ್ದು ಊರ ಕೊನೆಯ ಮನೆಗೂ ಮುಟ್ಟುತ್ತದೆ. ಮುಟ್ಟಿತು ಕೂಡ. ಸೋಮವಾರ ಕೆಲವು ಮಕ್ಕಳು ಶಾಲೆಗೆ ಬರಲಿಲ್ಲ. ಮೇಷ್ಟ್ರು ಹಾಜರಿ ಪುಸ್ತಕ ತೆರೆದು ನನ್ನ ಮುಂದೆ ಇಟ್ಟರು, ಏನೂ ಹೇಳಲಿಲ್ಲ. ಅಷ್ಟೂ ಹೆಸರುಗಳು ನನ್ನ ಪಟ್ಟಿಯಲ್ಲಿ ಕೆಂಪು ಗುರುತಿನವು.

ನಮ್ಮ ಸಮಿತಿಯಲ್ಲಿ ಅಡಿಕೆ ಸುಲಿಯಲು ಹೋಗುವ ಹೆಣ್ಣುಮಗಳೊಬ್ಬರಿದ್ದಾರೆ. ಅವರ ಮನೆಗೆ ಹೋದೆ. ಬೈಯುತ್ತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. "ಅಣ್ಣಾ, ಇನ್ನೂರು ಹೊಂದಿಸಬಹುದಿತ್ತು. ಭಾನುವಾರ ಮೆಟ್ಟುಗತ್ತಿ ಮುಂದೆ ಕೂರದಿದ್ರೆ ಅವತ್ತಿನ ಕೂಲೀನೂ ಹೋಗುತ್ತೆ. ಗಂಡ ಹೆಂಡತಿ ಇಬ್ಬರದೂ. ಅದೂ ಹೋಗ್ಲಿ. ನನ್ನ ಮಗಳು ಆ ಪಟ್ಟೀಲಿ ತನ್ನ ಹೆಸರು ಓದಿದ್ಲು" ಅಂದರು. ಆ ಹುಡುಗಿ ನಾಲ್ಕನೇ ತರಗತಿ. ಓದುವುದನ್ನು ನಾವೇ ಕಲಿಸಿದ್ದೇವೆ. ಆಕೆಯ ಮುಖ ನೋಡಲು ಅವತ್ತು ನನಗೆ ಧೈರ್ಯ ಬರಲಿಲ್ಲ. ಈಗಲೂ ಆ ಓಣಿಯಲ್ಲಿ ಹೋಗುವಾಗ ನೆನಪಾಗುತ್ತದೆ.

2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲಾ ಸಮಿತಿಯಲ್ಲಿ ಮುಕ್ಕಾಲು ಭಾಗ ಪಾಲಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು, ಹಿಂದುಳಿದ ಮನೆಗಳಿಗೂ ಜಾಗ ಇರಬೇಕು ಎನ್ನುತ್ತದೆ. ಅದು ಏಕೆಂದು ನನಗೆ ಅರ್ಥವಾದದ್ದು ಅವರ ಮನೆಯ ಜಗಲಿಯ ಮೇಲೆ. ಈ ಹೆಣ್ಣುಮಗಳು ಪ್ರತಿ ಸಭೆಗೂ ಬಂದು ಸಹಿ ಹಾಕಿ ಹೋಗುತ್ತಿದ್ದರು. ಯಾವ ದಿನ ಬಿಡುವು ಎಂದು ಒಂದು ಸಲವೂ ನಾನು ಕೇಳಿರಲಿಲ್ಲ.

ಮುಂದಿನ ಪಾಲಕರ ದಿನವನ್ನು ಅವರೇ ಗೊತ್ತು ಮಾಡಿದರು. ಕೊಯ್ಲು ಮುಗಿದ ಮೇಲೆ, ಫೆಬ್ರವರಿಯಲ್ಲಿ, ಅಮೃತಾಪುರದ ಗುಡಿಗೆ ಪ್ರವಾಸ. ಹೆಂಗಸರಿಗೆ ಸರ್ಕಾರಿ ಬಸ್ಸು 2023ರ ಜೂನ್‌ನಿಂದ ಉಚಿತ. ಗಂಡಸರು ಬೈಕಿನಲ್ಲಿ ಬಂದರು. ವಂತಿಗೆ ಇಲ್ಲ, ಪಟ್ಟಿ ಇಲ್ಲ. ಬುತ್ತಿಯ ವಿಷಯದಲ್ಲೂ ಅವರದೊಂದು ಮಾತು: ಯಾರ ಡಬ್ಬಿ ಯಾರದೆಂದು ತಿಳಿಯಬಾರದು. ಹಾಗಾಗಿ ಗುಡಿಯ ಆವರಣದಾಚೆ ಮರದ ನೆರಳಲ್ಲಿ ಸೀರೆ ಹಾಸಿ, ರೊಟ್ಟಿ, ಚಿತ್ರಾನ್ನ, ಚಟ್ನಿಪುಡಿ ಎಲ್ಲ ಒಂದೇ ಕಡೆ ಸುರಿದು ಹಂಚಿಕೊಂಡೆವು.

ಅಮೃತೇಶ್ವರ ಗುಡಿ ಹೊಯ್ಸಳ ವೀರಬಲ್ಲಾಳನ ಕಾಲದ್ದು, 1196ರಲ್ಲಿ ಕಟ್ಟಿದ್ದು. ಜನ್ನ ಕವಿ ರಚಿಸಿದ ಶಾಸನ ಅಲ್ಲಿದೆ. ಅದರ ತೆರೆದ ಮಂಟಪದ ಗೋಡೆಯಲ್ಲಿ 140 ಫಲಕಗಳಿವೆ. ದಕ್ಷಿಣಕ್ಕೆ ರಾಮಾಯಣದ 70, ಉತ್ತರಕ್ಕೆ ಕೃಷ್ಣನ ಕಥೆಯ 25, ಮಹಾಭಾರತದ 45. ರಾಮಾಯಣ ಮಾತ್ರ ಪ್ರದಕ್ಷಿಣೆಯ ಎದುರು ದಿಕ್ಕಿನಲ್ಲಿ ಸಾಗುತ್ತದೆ. ಮೇಷ್ಟ್ರು ಅದನ್ನು ಹೇಳಿದ್ದೇ ತಡ, ಮಕ್ಕಳು ಹಿಮ್ಮುಖವಾಗಿ ಸುತ್ತತೊಡಗಿದರು. ಅಕ್ಷರ ಗೊತ್ತಿಲ್ಲದ ಒಬ್ಬ ಅಜ್ಜಿ ಒಂದೊಂದೇ ಫಲಕದ ಮುಂದೆ ನಿಂತು ಕಥೆ ಬಿಡಿಸಿದರು; ಮೊಮ್ಮಕ್ಕಳಲ್ಲದ ಮಕ್ಕಳೂ ಸೆರಗು ಹಿಡಿದು ಹಿಂದೆ ನಡೆದವು. ನನ್ನ ಶಾಮಿಯಾನದ ಕೆಳಗೆ ಆ ಅಜ್ಜಿಗೆ ಒಂದು ಖಾಲಿ ಕುರ್ಚಿ ಮಾತ್ರ ಇತ್ತು, ಮಾಡಲು ಕೆಲಸವಿರಲಿಲ್ಲ.

ಅಲ್ಲಿಂದೀಚೆಗೆ ಹಗ್ಗಜಗ್ಗಾಟ, ಲಗೋರಿ, ಮಕ್ಕಳ ಸಂತೆ ಎಲ್ಲ ಶಾಲೆಯ ಬಯಲಲ್ಲೇ ನಡೆದಿವೆ. ದಿನವನ್ನು ಕೂಲಿಗೆ ಹೋಗುವವರೇ ಹೇಳುತ್ತಾರೆ. ಕೈಲಾದವರು ಮೇಷ್ಟ್ರ ಮೇಜಿನ ಮೇಲಿನ ಡಬ್ಬಿಗೆ ಏನಾದರೂ ಹಾಕುತ್ತಾರೆ, ಹೆಸರು ಬರೆಯುವುದಿಲ್ಲ. ಅಜ್ಜಂಪುರದ ಕಡೆಯ ಗೆಳೆಯರೊಬ್ಬರು ತಮ್ಮ ಶಾಲೆಯಲ್ಲೂ ಹೀಗೇ ಮಾಡಬೇಕೆಂದು ಕೇಳಿದಾಗ, ಮೊದಲು ಈರುಳ್ಳಿ ಕೀಳುವ ದಿನ ಯಾವುದೆಂದು ವಿಚಾರಿಸಿ ಅಂದೆ.

ನೀವೂ ಯಾವುದೋ ಶಾಲೆಯ ಪಾಲಕರ ಗುಂಪಿನಲ್ಲಿರಬಹುದು. ಅಲ್ಲಿ ಹಣ ಕೊಟ್ಟವರ ಪಟ್ಟಿಯೊಂದಿದ್ದರೆ, ದಯವಿಟ್ಟು ಇವತ್ತೇ ಅದನ್ನು ತೆಗೆಸಿ.